ಇಪ್ಪತ್ತು ಸಾವಿರ ಸದಸ್ಯರು ಮತ್ತು ನಿಟ್ಟೂರಿನ ಹಾಲ್ಟ್ ಬಸ್ಸು

ನವೆಂಬರ್ 4, ಮಂಗಳವಾರ

ಡಾಕ್ಟರು ನನ್ನ ಬಿ.ಪಿ. ನೋಡಿ, 'ಮೊಬೈಲು ಕಡಿಮೆ ಮಾಡಿ, ಬೇರೆ ಏನಾದರೂ ಹವ್ಯಾಸ ಇಟ್ಟುಕೊಳ್ಳಿ' ಎಂದಿದ್ದಾರೆ. ಆದ್ದರಿಂದ ಈ ದಿನಚರಿ. ಮೊದಲ ದಿನವೇ ಬರೆಯಲು ಇಂಥ ಸುದ್ದಿ ಸಿಕ್ಕಿದ್ದು ಯೋಗಾಯೋಗ. ನನ್ನ 'ಬಸ್ ಹೋಯ್ತಾ?' ಪೇಜು ಇಂದು ಇಪ್ಪತ್ತು ಸಾವಿರ ಸದಸ್ಯರನ್ನು ದಾಟಿತು. ಹೊಸನಗರ ಪೇಟೆಯ ಜನಸಂಖ್ಯೆಯನ್ನೇ ಮೀರಿಸಿದ್ದೇನೆ. ಪಟ್ಟಣ ಪಂಚಾಯಿತಿಯವರು ಇನ್ನು ಮುಂದೆ ನನ್ನನ್ನು ಕಂಡಾಗ ಸ್ವಲ್ಪ ಎದ್ದು ನಿಂತರೆ ತಪ್ಪಿಲ್ಲ.

ಬಸ್ ಸ್ಟ್ಯಾಂಡಿನ ಎದುರಿಗೆ ಝೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ ಇಟ್ಟವನಿಗೆ ಜನ ಕೇಳುವ ಪ್ರಶ್ನೆ ಎರಡೇ. ಒಂದು, ಝೆರಾಕ್ಸ್ ಎಷ್ಟು? ಇನ್ನೊಂದು, ಬಸ್ ಹೋಯ್ತಾ? ಎರಡನೆಯದಕ್ಕೆ ಉತ್ತರ ಹೇಳಿ ಹೇಳಿ ದವಡೆ ನೋವು ಬಂದಾಗ ಈ ಪೇಜು ಹುಟ್ಟಿತು. ಬಸ್ಸು ಹೊರಟಿದ್ದನ್ನು ಸಾಗರದವರು ಅಲ್ಲಿಂದ ಹಾಕುತ್ತಾರೆ, ಹೊಸನಗರದವರು ಇಲ್ಲಿಂದ, ತೀರ್ಥಹಳ್ಳಿಯವರು ಅಲ್ಲಿಂದ. ನಡುವಿನ ಸ್ಟಾಪುಗಳಲ್ಲಿ ನಿಂತವರು ಅದನ್ನು ನೋಡಿ ಕಾಯುತ್ತಾರೆ, ಇಲ್ಲವೇ ಬೈದುಕೊಂಡು ನಡೆಯುತ್ತಾರೆ. ಇದಕ್ಕೆ ಸಮಾಜಸೇವೆ ಎನ್ನುತ್ತಾರೆ.

ಸುದ್ದಿಯನ್ನು ಹೆಂಡತಿಗೆ ಹೇಳಿದೆ. ಆಶಾ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಇಪ್ಪತ್ತು ಸಾವಿರ ಜನ ಬಸ್ ಹತ್ತಿದ್ರೆ ಬಸ್ಸಿನ ರವೀಶಣ್ಣ ಇಷ್ಟೊತ್ತಿಗೆ ವಿಮಾನ ತಗೊಳ್ತಿದ್ರು. ನೀವೇ ಬಸ್ ಹತ್ತಿ ಎಷ್ಟು ವರ್ಷ ಆಯ್ತು?"

ನನಗೆ ಸ್ಕೂಟರ್ ಇದೆ. ಅಂಪೈರು ಬ್ಯಾಟ್ ಹಿಡಿಯುವುದಿಲ್ಲ.

ನವೆಂಬರ್ 7, ಶುಕ್ರವಾರ

ಹೊಸ ಸದಸ್ಯರು ಬಹಳ ಉತ್ಸಾಹಿಗಳು. ಅವರಲ್ಲೊಬ್ಬರು ಇಂದು ಒಂದು ಫೋಟೋ ಹಾಕಿದ್ದರು: ಜಲಪಾತದ ಅಡಿಯಲ್ಲಿ ನಿಂತ ಬಸ್ಸು, ಮೇಲೆ 'ನಮ್ಮ ಹೆಮ್ಮೆಯ ಸಾಗರ' ಎಂಬ ಬರಹ. ಸಾವಿರಾರು ಲೈಕು ಬಂದವು. ನಾನೂ ಒಂದು ಒತ್ತಿದೆ. ಸಂಜೆ ಆಶಾ ನೋಡಿ, ಬಸ್ಸಿಗೆ ಎರಡು ಸ್ಟೇರಿಂಗ್ ಇದೆ, ಬಾಗಿಲೇ ಇಲ್ಲ ಎಂದಳು. ಸೂಕ್ಷ್ಮ ನೋಟ ಎಲ್ಲರಿಗೂ ಇರುವುದಿಲ್ಲ.

ತೀರ್ಥಹಳ್ಳಿಯ ಒಬ್ಬರು 'ಬೆಳಗಿನ ಬಸ್ಸಿನಲ್ಲಿ ನನ್ನ ಕೊಡೆ ಬಿಟ್ಟು ಇಳಿದಿದ್ದೇನೆ, ಸಿಕ್ಕಿದವರು ತಿಳಿಸಿ' ಎಂದು ಹಾಕಿದ್ದರು. ಕೆಳಗೆ ನಲವತ್ತು ಜನ 'ಅದ್ಭುತ ಪಯಣ! ಹೀಗೇ ಮುಂದುವರಿಸಿ' ಎಂದು ಹರಸಿದ್ದಾರೆ. ಕೊಡೆ ಸಿಕ್ಕಿಲ್ಲ.

ನವೆಂಬರ್ 12, ಬುಧವಾರ

ಸ್ವಲ್ಪ ಎಡವಟ್ಟಾಗಿದೆ.

'ಮಲೆನಾಡು ಸಾರಿಗೆ ಸಮಾಚಾರ' ಎಂಬ ಹೆಸರಿನ ಸದಸ್ಯರು ಮೊನ್ನೆ ನನ್ನ ಪೇಜಿನಲ್ಲಿ ಒಂದು ಪ್ರಕಟಣೆ ಹಾಕಿದ್ದಾರೆ: ನಿಟ್ಟೂರಿನ ಹಾಲ್ಟ್ ಬಸ್ಸು ಶಾಶ್ವತವಾಗಿ ಸ್ಥಗಿತ. ಭಾಷೆ ಎಂಥದ್ದು! ಒಂದು ಕಾಗುಣಿತದ ತಪ್ಪಿಲ್ಲ. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ಜೊತೆಗೆ ಹೂವಿನ ಹಾರ ಹಾಕಿದ, ಖಾಲಿ ನಿಂತ ಬಸ್ಸಿನ ಫೋಟೋ. ಪ್ರಕಟಣೆ, ಫೋಟೋ, ಸದಸ್ಯ ಎಲ್ಲವೂ ಎ.ಐ. ಯಂತ್ರದ ಸೃಷ್ಟಿಯೇ.

ಹಾಲ್ಟ್ ಬಸ್ಸೆಂದರೆ ಸಂಜೆ ಸಾಗರ ಬಿಟ್ಟು, ಹೊಸನಗರ, ನಗರ ಎಂಬ ಊರಿನ ಮೇಲೆ ಹೋಗಿ ರಾತ್ರಿ ನಿಟ್ಟೂರಿನಲ್ಲೇ ತಂಗಿ, ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು ಬರುವ ರವೀಶಣ್ಣನ ಬಸ್ಸು. ಅದು ನಿಂತಿರಲಿಲ್ಲ. ಆದರೆ ಪೇಜು ನೋಡಿದವರು ಸ್ಟಾಪಿಗೇ ಬರಲಿಲ್ಲ. ಜೀಪು ಹಿಡಿದರು, ಬೈಕಿನ ಹಿಂದೆ ಕೂತರು. ಎರಡು ದಿನ ಬಸ್ಸಿನಲ್ಲಿ ಹೋದದ್ದು ಸುಪ್ರಿಯಾ ಮತ್ತು ಒಂದು ಮೂಟೆ ಹಿಂಡಿ.

ಸುಪ್ರಿಯಾ ನನ್ನ ಪಕ್ಕದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿರುವ ಹುಡುಗಿ. ಮನೆ ನಿಟ್ಟೂರು. ಅಂಗನವಾಡಿಗೆ ಹೋಗುವ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಬೆಳಿಗ್ಗೆ ಆ ಬಸ್ಸಿಗೆ ಬಂದು ಸಂಜೆ ಆ ಬಸ್ಸಿಗೇ ಹೋಗುತ್ತಾಳೆ.

"ನಾಗೇಂದ್ರಣ್ಣ, ಬಸ್ ನಿಂತಿಲ್ಲ ಅಂತ ಹಾಕಿ. ನಿನ್ನೆ ಡ್ರೈವರು, 'ಎಂತ ಅಕ್ಕ, ಬಸ್ ನೀವೊಬ್ರೇ ಬುಕ್ ಮಾಡಿದ್ರಾ' ಅಂತ ಕೇಳ್ದ."

ಹಾಕಿದೆ. ಹದಿನಾಲ್ಕು ಲೈಕು. ಸುಳ್ಳಿಗೆ ಮೂರು ಸಾವಿರ. ಈ ಪೇಜುಗಳಿಗೆಲ್ಲ ಜಾಗ ಕೊಟ್ಟಿರುವ ದೊಡ್ಡ ಕಂಪನಿಗೆ ದೂರು ಕೊಟ್ಟೆ. 'ಪರಿಶೀಲಿಸಿದ್ದೇವೆ, ನಿಯಮ ಉಲ್ಲಂಘನೆ ಕಂಡುಬಂದಿಲ್ಲ' ಎಂದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಕಳ್ಳನ ಮೇಲೆ ದೂರು ಕೊಟ್ಟರೆ ಅವನ ಭಾವನೇ ದಫೇದಾರ.

ನವೆಂಬರ್ 19, ಬುಧವಾರ

ಆ ಪೋಸ್ಟನ್ನು ಅಳಿಸಿದೆ. ಬೇರೆ ಹೆಸರಿನಲ್ಲಿ ಮತ್ತೆ ಬಂತು. ಅಳಿಸಿದೆ. ಬಂತು. ಗದ್ದೆಯ ಕಳೆಗಾದರೂ ಒಂದು ಋತುವಿದೆ.

ಇಂದು ರವೀಶಣ್ಣ ಪರ್ಮಿಟ್ಟಿನ ಝೆರಾಕ್ಸಿಗೆ ಬಂದಿದ್ದರು.

"ಎಂತ ಮಾರಾಯ ನಿನ್ನ ಪೇಜು! ಅದನ್ನ ನೋಡಿ, ಬಸ್ ನಾನೇ ನಿಲ್ಸಿದ್ನಾ ಅಂತ ನಂಗೇ ಒಂದು ಗಳಿಗೆ ಅನುಮಾನ ಬಂತು."

"ಅದು ಮಷೀನು ಬರೆದದ್ದು ರವೀಶಣ್ಣ."

"ಮಷೀನೋ ಮನುಷ್ಯನೋ, ಸೀಟಂತೂ ಖಾಲಿ. ಜೀಪಿಗೆ ರೂಢಿ ಆದೋರು ತಿರುಗಿ ಬರ್ತಿಲ್ಲ. ಡಿಸೆಂಬರ್ ಕೊನೇವರೆಗೆ ನೋಡ್ತೀನಿ. ಆಮೇಲೆ ನಗರಕ್ಕೇ ಹಾಲ್ಟ್. ನಿಟ್ಟೂರಿಗೆ ಹೋಗಲ್ಲ."

ಸುಪ್ರಿಯಾ ಮೆಡಿಕಲ್ ಬಾಗಿಲಲ್ಲೇ ನಿಂತಿದ್ದಳು. ನಗರದಿಂದ ನಿಟ್ಟೂರಿಗೆ ಕತ್ತಲೆಯಲ್ಲಿ ಅವಳನ್ನು ಕರೆದೊಯ್ಯುವವರು ಯಾರೂ ಇಲ್ಲ. ಇಲ್ಲಿ ರೂಮು ಮಾಡಿದರೆ ಮಗು ಅಲ್ಲಿ. "ಜನವರಿಗೆ ಬೇರೆಯೋರನ್ನ ನೋಡ್ಕೊಳಿ ಅಂತ ಓನರ್‌ಗೆ ಈಗ್ಲೇ ಹೇಳ್ಬಿಡ್ಲಾ ನಾಗೇಂದ್ರಣ್ಣ?" ಎಂದು ಕೇಳಿದಳು, ಮಾತ್ರೆಯ ಹಾಳೆ ಕತ್ತರಿಸುತ್ತ.

ನಾನು 'ಛೆ ಛೆ' ಎಂದೆ. ಅದಕ್ಕಿಂತ ಹೆಚ್ಚಿನ ಯೋಜನೆ ನನ್ನಲ್ಲಿರಲಿಲ್ಲ.

ನವೆಂಬರ್ 23, ಭಾನುವಾರ

ಆಶಾಳ ಚಿಕ್ಕಮ್ಮನ ಮಗಳು ಧನ್ಯಶ್ರೀ ಊಟಕ್ಕೆ ಬಂದಿದ್ದಳು. ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ಲೆಕ್ಚರರ್. ನನ್ನ ಗೋಳು ಕೇಳಿ, ಸಾರು ಸುರಿದುಕೊಳ್ಳುತ್ತ ಹೇಳಿದಳು:

"ಭಾವ, ನಿಮ್ಮ ಪೇಜು ನಿಮ್ಮದಲ್ಲ. ಅದು ಕಂಪನಿ ಛತ್ರ. ಪಂಕ್ತೀಲಿ ಯಾರನ್ನ ಬೇಕಾದ್ರೂ ಕೂರಿಸ್ತಾರೆ, ಎಲೆ ಎಷ್ಟು ಬಿತ್ತು ಅನ್ನೋದೇ ಅವ್ರಿಗೆ ಲೆಕ್ಕ. ನಾವೇ ಒಂದು ಸಣ್ಣ ಸರ್ವರ್ ಇಟ್ಕೊಂಡ್ರೆ ಅದು ನಮ್ಮನೆ ಜಗಲಿ ಇದ್ದಂಗೆ. ಹೊಸನಗರದಲ್ಲಿ ಒಂದು, ತೀರ್ಥಹಳ್ಳೀಲಿ ನಂದೊಂದು, ಸಾಗರದಲ್ಲಿ ವಿಘ್ನೇಶ್ವರ ಮೇಷ್ಟ್ರು ಒಂದು ಇಡ್ತಾರಂತೆ. ಈ ಜಗಲೀಲಿ ಕೂಗಿದ್ರೆ ಆ ಜಗಲಿಗೆ ಕೇಳ್ತದೆ. ಯಜಮಾನ ಅಂತ ಮೇಲೆ ಯಾರೂ ಇಲ್ಲ. ಇದಕ್ಕೆ ವಿಕೇಂದ್ರೀಕರಣ ಅಂತಾರೆ."

"ಅದರ ಕರೆಂಟ್ ಬಿಲ್ಲು ಯಾರು ಕಟ್ಟೋದು?" ಎಂದಳು ಆಶಾ.

"ಭಾವ."

"ಹಾಗಾದ್ರೆ ಸರಿ. ಈ ಮನೇಲಿ ಮೊದ್ಲಿಂದ ಹಾಗೇ."

ನವೆಂಬರ್ 27, ಗುರುವಾರ

'ಜಗಲಿ' ಉದ್ಘಾಟನೆಯಾಯಿತು. ಕಾಲೇಜಿನವರು ಹರಾಜಿಗೆ ಹಾಕಿದ್ದ ಹಳೆಯ ಕಂಪ್ಯೂಟರ್ ಒಂದನ್ನು ಧನ್ಯಶ್ರೀ ತಂದು ನನ್ನ ಅಂಗಡಿಯ ಲ್ಯಾಮಿನೇಷನ್ ಮಷೀನಿನ ಪಕ್ಕ ಇಟ್ಟಿದ್ದಾಳೆ. ಲ್ಯಾಮಿನೇಷನ್ ಮಷೀನು ಬಿಸಿಯಾಗುವಾಗ ವೋಲ್ಟೇಜು ಇಳಿಯುತ್ತದೆ. ಹಾಗಾಗಿ ಯಾರದ್ದಾದರೂ ರೇಷನ್ ಕಾರ್ಡು ಲ್ಯಾಮಿನೇಟ್ ಆಗುವಷ್ಟು ಹೊತ್ತು ಇಡೀ ಜಾಲತಾಣ ಮೂರ್ಛೆ ಹೋಗುತ್ತದೆ.

ಯಂತ್ರಗಳನ್ನು ತಡೆಯಲು ಪ್ರವೇಶ ಪರೀಕ್ಷೆ ಇಟ್ಟಿದ್ದೇವೆ. ನಾನೇ ರೂಪಿಸಿದ್ದು. ಒಂದು, ನೀವು ಯಾರ ಪೈಕಿ? ಎರಡು, ನಿಮ್ಮ ಸ್ಟಾಪು ಯಾವುದು? ಬೋರ್ಡಿನ ಹೆಸರು ಬೇಡ, ಜನ ಕರೆಯುವ ಹೆಸರು ಬೇಕು. ಅಕ್ಕಿ ಮಿಲ್ಲು ಬಿದ್ದುಹೋಗಿ ಮೂವತ್ತು ವರ್ಷವಾದರೂ ಅದು 'ಅಕ್ಕಿ ಮಿಲ್ಲು ಸ್ಟಾಪು' ಎಂಬುದು ಯಾವ ಯಂತ್ರಕ್ಕೆ ಗೊತ್ತು? ಮೂರನೆಯದಾಗಿ, ಈಗಾಗಲೇ ಒಳಗಿರುವ ಒಬ್ಬರು 'ಇವರು ನಮ್ಮವರೇ' ಎನ್ನಬೇಕು. ದೊಡ್ಡ ಕಂಪನಿಗಳು ಸಿಗ್ನಲ್ ಲೈಟಿನ ಚಿತ್ರ ತೋರಿಸಿ ಮನುಷ್ಯರನ್ನು ಪತ್ತೆ ಹಚ್ಚಲು ಹೆಣಗುತ್ತಿವೆ. ನಮ್ಮ ಅಜ್ಜಿಯಂದಿರು ಬಂದವರು ಕಾಲು ತೊಳೆಯುವುದರೊಳಗೆ ಮುಗಿಸುತ್ತಿದ್ದ ಕೆಲಸ.

ಒಂದೂ ಯಂತ್ರ ನುಗ್ಗಿಲ್ಲ. ಮನುಷ್ಯರು ಅರವತ್ತು ಚಿಲ್ಲರೆ. ನನ್ನ ಮೊದಲ ಜೋಕಿಗೆ ಎರಡು ಲೈಕು. ಅದರಲ್ಲಿ ಒಂದು ನನ್ನದು.

ಡಿಸೆಂಬರ್ 2, ಮಂಗಳವಾರ

ಇಂದು ಒಂದು ಯಂತ್ರವನ್ನು ಕೈಯಾರೆ ಹಿಡಿದೆ. ಹೆಸರು 'ಮೌನೇಶ'. ಫೋಟೋ ಜಾಗದಲ್ಲಿ ಬಸ್ಸಿನ ಚಕ್ರ. ಯಾರ ಪೈಕಿ? 'ಯಾರ ಪೈಕಿನೂ ಅಲ್ಲ.' ಯಾವ ಸ್ಟಾಪು? 'ಎಲ್ಲಾ ಸ್ಟಾಪ್.' ಪರಿಚಯಸ್ಥರು? 'ಯಾರಿಲ್ಲ.' ತಿರಸ್ಕರಿಸಿದ ಕೂಡಲೇ ಮತ್ತೆ ಅರ್ಜಿ. ಮತ್ತೆ ತಿರಸ್ಕಾರ, ಮತ್ತೆ ಅರ್ಜಿ. ಮನುಷ್ಯನಾಗಿದ್ದರೆ ಇಷ್ಟು ಹೊತ್ತಿಗೆ ಸಿಟ್ಟು ಬರುತ್ತಿತ್ತು. ಕೊನೆಗೆ 'ನಮಸ್ಕಾರ ಯಂತ್ರವೇ, ಇಲ್ಲಿ ನಿನ್ನ ಬೇಳೆ ಬೇಯುವುದಿಲ್ಲ' ಎಂದು ಬರೆದು ಬಾಗಿಲು ಹಾಕಿದೆ. ಬಹಳ ದಿನದ ನಂತರ ಸಮಾಧಾನವಾಯಿತು.

ಸುಪ್ರಿಯಾ ಇನ್ನೂ ಓನರಿಗೆ ಹೇಳಿಲ್ಲ.

ಡಿಸೆಂಬರ್ 6, ಶನಿವಾರ

ಜಗಲಿಯೊಳಗೆ ಯಂತ್ರ ಬಂದು ಕೂತಿದೆ.

'ವೇದಾವತಿ, ನಗರ' ಎಂಬ ಹೆಸರಿನ ಹೆಣ್ಣುಮಗಳು ವಾರದಿಂದ ಚೆನ್ನಾಗಿ ಬರೆಯುತ್ತಿದ್ದಳು. 'ನಿಟ್ಟೂರಿನ ಬಸ್ಸು ಕೇವಲ ವಾಹನವಲ್ಲ, ಅದೊಂದು ಭಾವನೆ' ಎಂದಾಗ ನಾನೇ 'ಮನ ಮುಟ್ಟಿತು ತಾಯಿ' ಎಂದು ಬರೆದಿದ್ದೆ. ನಿನ್ನೆ ತಾಯಿ ಮೊಣಕಾಲು ನೋವಿನ ಪುಡಿ ಮಾರಲು ಶುರುಮಾಡಿದಳು. ಕೊಡಚಾದ್ರಿಯ ಸೂರ್ಯಾಸ್ತದ ಬಗ್ಗೆ ಕೇಳಿದರೂ ಪುಡಿ, ಬಸ್ಸಿನ ಬಗ್ಗೆ ಕೇಳಿದರೂ ಪುಡಿ.

'ಇವರು ನಮ್ಮವರೇ' ಎಂದವರು ಹುಂಚದ ಹೂವಯ್ಯಗೌಡರು, ಜಗಲಿಯ ಹಿರಿಯ ಸದಸ್ಯರು. ಸ್ಕೂಟರ್ ಹತ್ತಿ ಅವರ ಮನೆಗೇ ಹೋದೆ.

"ಗೌಡ್ರೆ, ಈ ವೇದಾವತಿ ನಿಮ್ಗೆ ಗೊತ್ತಾ?"

"ಹೆಸ್ರು ಎಲ್ಲೋ ಕೇಳಿದ ಹಾಗಿತ್ತು."

"ಗೊತ್ತಿಲ್ದೆ ನಮ್ಮವ್ರು ಅಂದ್ರಾ?"

"ಗೊತ್ತಿಲ್ಲ ಅನ್ನೋದು ಹ್ಯಾಗೆ ಮಾರಾಯ? ನಾಳೆ ಯಾವುದೋ ಮದುವೆಮನೇಲಿ ಎದುರಿಗೆ ಸಿಕ್ಕಿ, 'ಏನ್ ಗೌಡ್ರೆ, ನನ್ನ ಗುರ್ತು ಇಲ್ಲ ಅಂದ್ರಂತೆ' ಅಂದ್ರೆ ಮುಖ ಎಲ್ಲಿ ಇಟ್ಕೊಳ್ಲಿ?"

"ಅದು ಮಷೀನು ಗೌಡ್ರೆ. ಮದುವೆಗೆ ಬರಲ್ಲ."

"ಮಷೀನಾದ್ರೂ ಮರ್ಯಾದೆ ಇತ್ತು. ದಿನಾ ಬೆಳಿಗ್ಗೆ ನಮಸ್ಕಾರ ಹೇಳ್ತಿತ್ತು. ನೀನು ಹೇಳ್ತೀಯಾ?"

ಗೌಡಿತಿ ಶರಾವತಮ್ಮ ಒಳಗಿನಿಂದ ಕಾಫಿ ತಂದು, "ಆ ಪುಡಿ ಇವ್ರು ಎರಡು ಡಬ್ಬಿ ತರಿಸಿದಾರೆ" ಎಂದರು. ನಾನು ಕಾಫಿ ಕುಡಿದು ಬಂದೆ.

ಡಿಸೆಂಬರ್ 9, ಮಂಗಳವಾರ

ಸಾಗರದ ಜಗಲಿಯವರು ತೀರ್ಥಹಳ್ಳಿಯ ಜಗಲಿಗೆ ಅಡ್ಡಗೋಡೆ ಕಟ್ಟಿದ್ದಾರೆ. ಯಾವ ಊರಿನ ಗೋಳಿಬಜೆ ಮೇಲು ಎಂಬ ಚರ್ಚೆ ಕೈಮೀರಿತಂತೆ. ಯಜಮಾನನಿಲ್ಲದ ಮನೆಯಲ್ಲಿ ಎಲ್ಲರೂ ಯಜಮಾನರು. ಮೇಷ್ಟ್ರಿಗೆ ಫೋನು ಮಾಡಿ ಅರ್ಧ ಗಂಟೆ ಸಮಾಧಾನ ಹೇಳಿ ಗೋಡೆ ಕೆಡವಿಸಿದೆ. ಆ ಕಂಪನಿಗೆ ಅರ್ಧ ಗಂಟೆ ಫೋನು ಮಾಡಲು ನಂಬರೇ ಇರಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಇದೆಲ್ಲದರ ನಡುವೆ ಒಂದು ವಿಷಯ ಗಮನಕ್ಕೆ ಬಂತು. ಜಗಲಿಯಲ್ಲಿ ಎಲ್ಲರೂ 'ಬಸ್ ಹೋಯ್ತಾ?' ಎಂದು ಕೇಳುತ್ತಾರೆ, ಉತ್ತರ ಹೇಳುವವರಿಲ್ಲ. ಜಗಲಿಯವರಲ್ಲಿ ಆ ಬಸ್ಸಿನಲ್ಲಿ ಹೋಗುವವಳು ಸುಪ್ರಿಯಾ ಒಬ್ಬಳೇ. ಅವಳ ಫೋನಿಗೆ ನಗರ ದಾಟಿದರೆ ಸಿಗ್ನಲ್ಲಿಲ್ಲ. ಗುರುವಾರ ನಾನೇ ಹೋಗಿ ನೋಡಿ ಬರುತ್ತೇನೆ.

ಡಿಸೆಂಬರ್ 12, ಶುಕ್ರವಾರ

ನಿನ್ನೆಯದನ್ನೂ ಇಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಮನೆಯಲ್ಲಿರಲಿಲ್ಲ. ಹಾಲ್ಟ್ ಬಸ್ಸಿನಲ್ಲಿ ಹೋದವನು ಅದೇ ರಾತ್ರಿ ವಾಪಸು ಬರಲಾಗುವುದಿಲ್ಲ ಎಂಬುದು ಆರು ವರ್ಷ ಆ ಬಸ್ಸಿನ ಸಮಯ ಹಾಕಿದ ನನಗೆ ನಿಟ್ಟೂರಿನಲ್ಲಿ ಇಳಿದ ಮೇಲೆ ಹೊಳೆಯಿತು. ಆಶಾಗೆ ಫೋನು ಮಾಡಿದರೆ, ಅವಳು ನಕ್ಕ ಸದ್ದು ನಿಲ್ಲುವ ತನಕ ಕಾಯಬೇಕಾಯಿತು.

ಹತ್ತಿದಾಗ ಬಸ್ಸಿನಲ್ಲಿ ಐದಾರು ಜನ. ಕಂಡಕ್ಟರ್ ಹೊಸಬ, ಲಿಂಗಸುಗೂರಿನ ಕಡೆಯವನು. ಬಂದು ಎರಡು ತಿಂಗಳಾಯಿತಂತೆ. ಟಿಕೆಟು ಹರಿಯುತ್ತ, ಸುಪ್ರಿಯಾ ನನ್ನನ್ನು 'ನಾಗೇಂದ್ರಣ್ಣ' ಎಂದದ್ದು ಕೇಳಿಸಿಕೊಂಡ.

"ಝೆರಾಕ್ಸ್ ಅಂಗಡಿ ನಾಗೇಂದ್ರ ಸಾಹೇಬ್ರೇನ್ರಿ? ನನ್ನ ಯಂತ್ರ ಅಂದಾವ್ರು ನೀವ ಏನು?"

ನಾನು ಕಿಟಕಿಯ ಹೊರಗೆ ನೋಡಿದೆ. ನೋಡುವಂಥದ್ದು ಏನೂ ಇರಲಿಲ್ಲ.

"ನಾ ಮೌನೇಶರಿ. ಬಸ್ ಎಲ್ಲೈತಿ ಅಂತ ಹಾಕೋಣು, ಮಂದಿ ಬರ್ತಾರ ಅಂತ ಅರ್ಜಿ ಒಗದ್ರ, ಯಾರ ಪೈಕಿ ಅಂದ್ರಿ. ಈ ಊರಾಗ ನಾ ಯಾರ ಪೈಕಿ ಅಂತ ಹೇಳ್ಲಿ? ಯಾವ ಸ್ಟಾಪು ಅಂದ್ರಿ. ಕಂಡಕ್ಟರ್‌ಗ ಯಾವ್ದರಿ ಸ್ಟಾಪು, ಎಲ್ಲಾ ನಂದ!"

"ಅಲ್ಲ, ಅಷ್ಟು ಸಲ ಬೇಡ ಅಂದ್ರೂ ಸಿಟ್ಟು ಬರ್ಲಿಲ್ಲಲ್ಲ ನಿಮ್ಗೆ..."

"ಬಂದಿತ್ತರಿ. ಡ್ರೈವರ್‌ಗ ಕೇಳ್ರಿ, ಏನೇನು ಬೈದೀನಿ ಅಂತ."

ಡ್ರೈವರು ತಿರುಗದೆಯೇ ಕೈ ಎತ್ತಿ ಸಾಕ್ಷಿ ಹೇಳಿದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಸುಪ್ರಿಯಾ ಮಾತ್ರ ನಗಲಿಲ್ಲ.

"ನಾಗೇಂದ್ರಣ್ಣ, ಕಳೆದ ತಿಂಗ್ಳು ಇಡೀ ಬಸ್ಸಿಗೆ ನಾನೊಬ್ಳೇ ಇದ್ದಾಗ, ಕತ್ತಲೇಲಿ ನಮ್ಮನೆ ಓಣಿ ಬಾಗಿಲಿಗೇ ನಿಲ್ಸಿ, ನಾನು ಒಳಗೆ ಹೋಗಿ ಲೈಟ್ ಹಾಕೋವರೆಗೆ ರೈಟ್ ಅಂತಿರ್ಲಿಲ್ಲ ಇವ್ರು. ನಮ್ಮ ಪೈಕಿ ಅಂತ ಬರ್ಕೊಳಿ."

ಬರೆದುಕೊಂಡೆ. ಮೌನೇಶನ ಫೋನಿನದು ಬೇರೆ ಸಿಮ್ಮು, ಸಿಗ್ನಲ್ಲು ನಿಟ್ಟೂರಿನವರೆಗೂ ಇದೆ. ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿದೆ. ಅವನು ತನ್ನ ಚಾದರ ಕೊಟ್ಟು, ಟರ್ಪಾಲು ಹೊದ್ದುಕೊಂಡ. ಬೆನ್ನು ನೋಯುತ್ತಿದೆ.

ಡಿಸೆಂಬರ್ 17, ಬುಧವಾರ

ಪ್ರವೇಶ ಪರೀಕ್ಷೆಯನ್ನು ತಿದ್ದಿದೆವು. ಯಾರ ಪೈಕಿ ಎಂಬುದನ್ನು ತೆಗೆದೆವು. ಬಸ್ಸು ಹತ್ತಿದವರನ್ನು ಕಣ್ಣಾರೆ ಕಂಡು ಮೌನೇಶ ಸೇರಿಸುತ್ತಾನೆ. ಹೂವಯ್ಯಗೌಡರಿಗೆ ಬೇಜಾರು. ಅವರಿನ್ನು ಯಾರನ್ನೂ 'ನಮ್ಮವರು' ಎನ್ನುವಂತಿಲ್ಲ. ಅವರ ಬಳಿ ಕಾರಿರುವುದರಿಂದ ನಿಯಮದ ಪ್ರಕಾರ ಅವರೇ ಮನುಷ್ಯರಲ್ಲ. ಹಳೆಯ ಸದಸ್ಯರೆಂದು ವಿನಾಯಿತಿ ಕೊಟ್ಟೆವು.

ಮೌನೇಶ ಹಾಕುವುದು ಒಂದೊಂದೇ ಸಾಲು: 'ಹೊಸನಗರ ಬಿಟ್ಟೇವ್ರಿ.' 'ನಗರದಾಗ ಚಾ ಕುಡ್ಯಾಕ ನಿಂತೀವಿ, ಓಡಿ ಬಂದ್ರ ಸಿಗ್ತೀವಿ.' ಜನ ಓಡಿ ಬರುತ್ತಿದ್ದಾರಂತೆ. ಜೀಪಿಗೆ ಹೋಗಿದ್ದವರಲ್ಲಿ ಕೆಲವರು ಮರಳಿದ್ದಾರೆ.

ಡಿಸೆಂಬರ್ 20, ಶನಿವಾರ

ಕೆಲವರು ಸಾಲದು ಎಂದರು ರವೀಶಣ್ಣ. ಹಳೆಯ ಪೇಜಿನಲ್ಲಿ ಈಗಲೂ ಬಸ್ಸು ಸತ್ತೇ ಇದೆ. ಈ ವಾರ ಹೊಸ ಫೋಟೋ: ಬಸ್ಸಿನ ಮೇಲೆ ಬಳ್ಳಿ ಹಬ್ಬಿದೆ, ಪಕ್ಕದಲ್ಲಿ ಆರು ಬೆರಳಿನ ಮುದುಕ ಅಳುತ್ತಿದ್ದಾನೆ. ಸಾಗರದಲ್ಲಿ ಬಸ್ಸಿನ ಹೆಸರು ಹುಡುಕಿದವರಿಗೆ ಮೊದಲು ಕಾಣುವುದು ಅದೇ.

ಧನ್ಯಶ್ರೀ ಫೋನಿನಲ್ಲಿ, "ಭಾವ, ಅಳಿಸೋದ್ರಿಂದ ಆಗಲ್ಲ. ಪೇಜನ್ನೇ ಮುಚ್ಚಿ" ಎಂದಳು.

ಇಪ್ಪತ್ತು ಸಾವಿರವನ್ನು. ಈಗ ಇಪ್ಪತ್ತಮೂರು. ಹೇಳುವುದು ಸುಲಭ.

ಬೇರೊಂದು ಉಪಾಯ ನನಗೇ ಹೊಳೆದಿದೆ. ಮೂವತ್ತೊಂದರಂದು ರವೀಶಣ್ಣ ತಾವೇ ಬಸ್ಸಿನಲ್ಲಿ ಹೋಗಿ ನೋಡುತ್ತಾರಂತೆ. ಅಂದು ಜಗಲಿಯವರೆಲ್ಲ ಹತ್ತಿಬಿಟ್ಟರೆ? ಗೌಡರು ಹುಂಚದಿಂದ ಇಪ್ಪತ್ತು ಜನರನ್ನು ಕರೆತರಲು ಒಪ್ಪಿದ್ದಾರೆ.

ಡಿಸೆಂಬರ್ 22, ಸೋಮವಾರ

ಉಪಾಯವನ್ನು ಸುಪ್ರಿಯಾಗೆ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಒಂದು ದಿನ ಬಸ್ ತುಂಬ್ಸಿ ಎಂತ ಮಾಡ್ತೀರಿ ನಾಗೇಂದ್ರಣ್ಣ? ಒಂದನೇ ತಾರೀಕು ಮತ್ತೆ ಖಾಲಿ. ನಿಮ್ಮ ಪೇಜಿಗೆ ಬಂದ್ರಲ್ಲ ಇಪ್ಪತ್ತು ಸಾವಿರ ಜನ, ಇವ್ರೂ ಹಾಗೇ ಆಯ್ತು. ಇವ್ರಿಗೆ ಊಟ ಬೇರೆ ಹಾಕ್ಬೇಕು."

ಗಿರಾಕಿ ಬಂದರು. ಅವಳು ಕೆಮ್ಮಿನ ಔಷಧಿ ತೆಗೆಯಲು ಹೋದಳು. ನಾನು ಗೌಡರಿಗೆ ಫೋನು ಮಾಡಿ ಬೇಡವೆಂದೆ.

ಡಿಸೆಂಬರ್ 24, ಬುಧವಾರ

ಪೇಜು ಮುಚ್ಚಿದೆ. 'ಖಚಿತವೇ?' ಎಂದು ಎರಡು ಸಲ ಕೇಳಿತು.

ಡಿಸೆಂಬರ್ 27, ಶನಿವಾರ

ಇಪ್ಪತ್ತಮೂರು ಸಾವಿರದಲ್ಲಿ ಪೇಜು ಎಲ್ಲಿ ಹೋಯಿತೆಂದು ಅಂಗಡಿಗೆ ಫೋನು ಮಾಡಿ ವಿಚಾರಿಸಿದವರು ಒಂಬತ್ತು ಜನ. ಒಬ್ಬರು ಸಾಗರದ ಯಶಸ್ವಿನಿ ಎಂಬುವರು. ನಿಟ್ಟೂರಿನ ದಾರಿಯಲ್ಲಿರುವ ಸಂಪೇಕಟ್ಟೆಯ ಶಾಲೆಗೆ ಟೀಚರ್ ಆಗಿ ಬಂದಿದ್ದಾರೆ. ವಾರಕ್ಕೊಮ್ಮೆ ಸಾಗರದಿಂದ ವಾಪಸಾಗಲು ಬಾಡಿಗೆ ಕಾರು ಮಾಡುತ್ತಿದ್ದರಂತೆ. "ಬಸ್ ನಿಂತೇ ಇಲ್ವಾ? ಅಯ್ಯೋ ದೇವ್ರೆ, ಫೋಟೋಗೆ ಹಾರ ಬೇರೆ ಹಾಕಿದ್ರಲ್ಲ!" ಎಂದರು. ಒಂಬತ್ತು ಜನಕ್ಕೂ ಸಮಯ ಹೇಳಿದೆ. ದವಡೆ ನೋವು ಬರಲಿಲ್ಲ.

ಬಿ.ಪಿ. ನಾರ್ಮಲ್ ಇದೆಯಂತೆ. ದಿನಚರಿಯಿಂದ ಎಂದು ಡಾಕ್ಟರಿಗೆ ಹೇಳಿದೆ.

ಜನವರಿ 1, ಗುರುವಾರ

ನಿನ್ನೆ ಹಾಲ್ಟ್ ಬಸ್ಸಿಗೆ ಹೋದೆ. ಈ ಸಲ ಕಂಬಳಿ ಒಯ್ದಿದ್ದೆ.

ರವೀಶಣ್ಣ ಮುಂದಿನ ಸೀಟಿನಲ್ಲಿ ಕೂತು, ಹತ್ತುವವರನ್ನೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ತುಂಬಿರಲಿಲ್ಲ. ಅರ್ಧಕ್ಕಿಂತ ತುಸು ಹೆಚ್ಚು. ಯಶಸ್ವಿನಿ ಟೀಚರ್ ಇದ್ದರು. ಸುಪ್ರಿಯಾ ಕಿಟಕಿಯ ಪಕ್ಕ ಕೈಚೀಲ ಅವುಚಿಕೊಂಡು ಕೂತಿದ್ದಳು. ನಗರ ಬರುವವರೆಗೂ ರವೀಶಣ್ಣನ ಮುಖದಲ್ಲಿ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ.

ನಗರದಲ್ಲಿ ಯಮುನಮ್ಮ ಹತ್ತಿದರು. ನಿಟ್ಟೂರಿನಿಂದ ಒಳಗೆ ದೂರದ ಮನೆಯವರು, ಸಂತೆಗೆ ತರಕಾರಿ ಒಯ್ಯುವ ಹೆಂಗಸು. ಖಾಲಿ ಬುಟ್ಟಿಯನ್ನು ರವೀಶಣ್ಣನ ಕಾಲ ಮೇಲೇ ಇಟ್ಟರು.

"ಓಹೋ, ಸಾಹುಕಾರ್ರು! ಬಸ್ ನಿಲ್ಸಿ ಒಂದೂವರೆ ತಿಂಗ್ಳು ನನ್ನ ಜೀಪಲ್ಲಿ ಕೋಳಿ ಹಂಗೆ ತುಂಬ್ಸಿದ್ರಲ್ಲ, ಪುಣ್ಯ ಬಂತಾ?"

"ನಾನು ನಿಲ್ಸಿಲ್ಲ ಯಮುನಮ್ಮ. ದಿನಾ ಓಡಿದೆ."

"ಸುಳ್ಳು ಯಾಕೆ ಹೇಳ್ತೀರಿ? ನಮ್ಮ ಹುಡುಗ ಸುನಿಲ ಮೊಬೈಲಲ್ಲಿ ಫೋಟೋ ತೋರ್ಸಿದ."

"ಅದು ಮಷೀನು ಮಾಡಿದ್ದಮ್ಮ. ಕೇಳಿ ಬೇಕಾದ್ರೆ ನಾಗೇಂದ್ರನ್ನ."

"ನಂಗ್ ಮಷೀನು ಗಿಷೀನು ಗೊತ್ತಿಲ್ಲ. ನೀವು ಎದುರಿಗಿದೀರಲ್ಲ, ನೀವೇ ಹೇಳಿ. ನಿಲ್ಸ್ತೀರೋ ಇಲ್ವೋ?"

ಡ್ರೈವರು ಗೇರು ಬದಲಿಸುವುದನ್ನೂ ಮರೆತದ್ದಕ್ಕೆ ಏರಿನಲ್ಲಿ ಗಾಡಿ ಗುರುಗುಟ್ಟಿತು. ರವೀಶಣ್ಣ ಬುಟ್ಟಿ ನೋಡಿದರು, ಯಮುನಮ್ಮನನ್ನು ನೋಡಿದರು, ಹಿಂದೆ ಕೂತವರ ಕಡೆ ತಿರುಗಿದರು. ಸುಪ್ರಿಯಾ ತಲೆ ತಗ್ಗಿಸಿದ್ದಳು.

"ಇಲ್ಲ ಮಾರಾಯ್ತಿ, ನಿಲ್ಸಲ್ಲ" ಎಂದರು.

"ಮತ್ತೆ ಅದನ್ನ ಮೊದ್ಲೇ ಹೇಳೋಕೇನು? ಬೆಳಿಗ್ಗೆ ನಂದು ಎರಡು ಗೊನೆ ಬಾಳೆಕಾಯಿ ಇದೆ. ಟಾಪಿಗೆ ಹಾಕ್ಸಿ. ಲಗೇಜ್ ಅಂತ ಕೇಳ್ಬೇಡಿ."

ಮೌನೇಶ ಸೀಟಿ ಊದಿದ. ಆಗ ಯಾವ ಸ್ಟಾಪೂ ಇರಲಿಲ್ಲ.

ಬೆಳಿಗ್ಗೆ ಅದೇ ಬಸ್ಸಿನಲ್ಲಿ ಬಂದು, ಬಾಳೆಗೊನೆ ಇಳಿಸಲು ಕೈಕೊಟ್ಟು, ಅಂಗಡಿ ಬಾಗಿಲು ತೆಗೆದೆ. ಸುಪ್ರಿಯಾ ಪಕ್ಕದಲ್ಲಿ ಶಟರ್ ಎತ್ತಿ, ಹೊಸ ವರ್ಷದ ಕ್ಯಾಲೆಂಡರನ್ನು ಗೋಡೆಗೆ ಹೊಡೆಯುತ್ತಿದ್ದಳು. ಮೊಳೆ ಸೊಟ್ಟಗಾಯಿತು. ನಾನು ಹೋಗಿ ನೆಟ್ಟಗೆ ಮಾಡಿಕೊಟ್ಟೆ. ದಿನವಿಡೀ ಆಧಾರ್ ಝೆರಾಕ್ಸಿನ ಗಿರಾಕಿಗಳು.

ಸಂಜೆ ಧನ್ಯಶ್ರೀಯ ಫೋನು. "ಭಾವ, ಬಸ್ಸಿಂದು ಎಂತ ಆಯ್ತು? ಬೆಳಗ್ಗಿಂದ ಜಗಲಿ ನೋಡ್ತಾ ಇದ್ದೀನಿ, ನೀವು ಏನೂ ಹಾಕೇ ಇಲ್ಲ."

ಹೌದಲ್ಲ. ಹಾಕಬೇಕೆಂಬುದೇ ಮರೆತುಹೋಗಿತ್ತು. ಅಲ್ಲಿದ್ದವರಿಗೆಲ್ಲ ಗೊತ್ತಿತ್ತಲ್ಲ.